ಮಡ್‌ಗಾರ್ಡ್ ಸಂದಿಗೆ ಮರುಳಾಗದೆ ಸ್ಪ್ರಿಂಗ್ ಆರಿಸಿದ್ದು

ನನ್ನ ಹಳೇ ಸ್ಪೋರ್ಟ್ಸ್ ಕೂಪೆ ಒಂದು ಕಡೆಗೆ ವಾಲಿದೆ ಅನ್ನೋ ಅನುಮಾನ ಬಹಳ ದಿನದಿಂದ ಇತ್ತು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನೋಡಿದೆ. ಮುಂದಿನ ಎಡಗಡೆ, ಬಲಗಡೆಗಿಂತ 14 ಮಿ.ಮೀ. ತಗ್ಗು. ಚಕ್ರ ಬಿಚ್ಚಿ ಟಾರ್ಚ್ ಬಿಟ್ಟಾಗ ಕಾರಣ ಸಿಕ್ಕಿತು. ಸ್ಪ್ರಿಂಗ್‌ನ ಕೆಳಗಿನ ಕೊನೇ ಸುತ್ತು ತುಂಡಾಗಿತ್ತು. ಚೂರು ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಬಟ್ಟಲಿನಲ್ಲೇ ಕೂತಿತ್ತು. ಅದಕ್ಕೇ ಸದ್ದು ಕೂಡ ಬಂದಿರಲಿಲ್ಲ.

ಆ ಚೂರನ್ನು ಬೆಳಕಿಗೆ ಹಿಡಿದು ನೋಡಿದೆ. ಮುರಿದ ಮುಖದ ಒಂದು ಅಂಚು ತುಕ್ಕು ಹಿಡಿದು ಕಂದಾಗಿತ್ತು. ಉಳಿದದ್ದು ಹೊಸ ಲೋಹದ ಬೂದು ಬಣ್ಣ. ಅಂದರೆ ಬಿರುಕು ಹಳೆಯದು, ಪೂರ್ತಿ ಮುರಿದದ್ದು ಈಚೆಗೆ. ಮೇಲಿನ ಪ್ಲಾಸ್ಟಿಕ್ ಲೇಪ ಒಂದು ಕಡೆ ಎದ್ದುಹೋಗಿ, ಅದರಡಿ ಕೆಸರು ನೀರು ನಿಂತು, ತಂತಿಯಲ್ಲಿ ಸಣ್ಣ ಗುಳಿ ಬಿದ್ದಿತ್ತು. ಬಿರುಕು ಶುರುವಾದದ್ದು ಅಲ್ಲಿಂದಲೇ.

ಸ್ಪ್ರಿಂಗ್ ಒಂದೇ ಕಡೆ ಬದಲಿಸುವ ಹಾಗಿಲ್ಲ, ಜೋಡಿಯಾಗಿ ಹಾಕಬೇಕು. ಹಿಂದಿನವೂ ಸಾಕಷ್ಟು ಕೂತುಹೋಗಿದ್ದವು. ವಯಸ್ಸಾದ ಸ್ಪ್ರಿಂಗ್ ಮೆತ್ತಗಾಗುತ್ತದೆ ಅಂತ ಜನ ಹೇಳುತ್ತಾರೆ. ಅದರ ಗಟ್ಟಿತನ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಕಡಿಮೆಯಾಗುವುದು ಎತ್ತರ. ಕಾರು ತೇಲಿದ ಹಾಗೆ ಅನಿಸಿದರೆ ಮೊದಲು ಶಾಕ್ ಅಬ್ಸಾರ್ಬರ್ ಮತ್ತು ಬುಷ್‌ಗಳನ್ನು (ಕೀಲುಗಳಲ್ಲಿರುವ ರಬ್ಬರ್) ನೋಡಬೇಕು.

ನಾಲ್ಕೂ ಹೊಸದು ಅಂತ ತೀರ್ಮಾನ ಆದ ಮೇಲೆ ಶುರುವಾಯ್ತು ನೋಡಿ ನಿಜವಾದ ತಲೆನೋವು. ಗೆಳೆಯ ಮೊದಲ ದಿನವೇ ಹೇಳಿದ: "ಹೇಗೂ ಬಿಚ್ಚುತ್ತೀಯಲ್ಲೋ, 40 ಮಿ.ಮೀ. ಇಳಿಸಿಬಿಡು. ಟೈರ್ ಮೇಲೆ ಅಷ್ಟು ಸಂದಿ ಇದ್ದರೆ ನೋಡೋಕೆ ಚೆನ್ನಾಗಿರಲ್ಲ." ನನಗೂ ಆಸೆ ಇಲ್ಲದೆ ಇರಲಿಲ್ಲ. ಆದರೆ ಕಾಗದ ಪೆನ್ನು ಹಿಡಿದು ಕೂತೆ.

ನನ್ನ ಕಾರಿನ ಮುಂಭಾಗದಲ್ಲಿ ಚಕ್ರ ಮೇಲೇಳಲು ಇರುವ ಜಾಗ, ಬಂಪ್ ಸ್ಟಾಪ್ (ಕೊನೆಯಲ್ಲಿ ತಡೆಯುವ ರಬ್ಬರ್ ತುಂಡು) ತಗಲುವವರೆಗೆ, ಸುಮಾರು 80 ಮಿ.ಮೀ. ನಲವತ್ತು ಇಳಿಸಿದರೆ ಉಳಿಯುವುದು ಅರ್ಧ. ಸ್ಪ್ರಿಂಗ್ ಹೀರಿಕೊಳ್ಳುವ ಶಕ್ತಿ ಅದು ಒತ್ತಿಕೊಂಡ ದೂರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ ಅದೇ ಗುಂಡಿಯ ಹೊಡೆತವನ್ನು ಅರ್ಧ ಜಾಗದಲ್ಲಿ ತಡೆಯಬೇಕಾದರೆ ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿ ಇರಬೇಕು. ಗೆಳೆಯ ತೋರಿಸಿದ ಸೆಟ್ ಮೂಲದ್ದಕ್ಕಿಂತ ಶೇ 20ರಷ್ಟು ಮಾತ್ರ ಗಟ್ಟಿ. ಶಾಕ್ ಒಂದಿಷ್ಟು ತಡೆಯುತ್ತದೆ ನಿಜ, ಉಳಿದದ್ದೆಲ್ಲ ಬಂಪ್ ಸ್ಟಾಪ್ ಮೇಲೆ. ತಿರುವಿನ ನಡುವೆ ಅದು ತಗಲಿದರೆ ಆ ಚಕ್ರ ಇದ್ದಕ್ಕಿದ್ದಂತೆ ಬಿಗಿಯಾಗಿ ಹಿಡಿತ ಬಿಡುತ್ತದೆ.

ಇನ್ನೊಂದು ತೊಡಕು ಮುಂಭಾಗದಲ್ಲಿರುವ ಮೆಕ್‌ಫರ್ಸನ್ ಮಾದರಿಯ ಸ್ಟ್ರಟ್‌ನದು. ಕಾರು ತುಂಬಾ ತಗ್ಗಾದರೆ, ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಆಗ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು), ಕಾರಿನ ಬಾಡಿಗಿಂತ ಜಾಸ್ತಿ ಕೆಳಗೆ ಇಳಿಯುತ್ತದೆ, ಬಾಡಿಯ ಭಾರಕ್ಕೆ ವಾಲಿಸಲು ಸಿಗುವ ಸನ್ನೆ ಉದ್ದವಾಗುತ್ತದೆ. ನೋಡಲು ರೇಸ್ ಕಾರು, ತಿರುವಿನಲ್ಲಿ ವಾಲುವುದು ಮೊದಲಿಗಿಂತ ಹೆಚ್ಚಾಗಬಹುದು! ಸ್ಪ್ರಿಂಗ್ ಕತ್ತರಿಸಿ ಇಳಿಸುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಬಿಡಿ.

ಅಂಕಿಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. ಹಿಂದಿನ ಸ್ಪ್ರಿಂಗ್‌ನ ಗಟ್ಟಿತನ (ಒಂದು ಮಿ.ಮೀ. ಒತ್ತಲು ಬೇಕಾದ ಬಲ) 60 ನ್ಯೂಟನ್/ಮಿ.ಮೀ., ಮುಂದಿನದು 28 ಅಂತ ನೋಡಿದಾಗ ಹಿಂಭಾಗ ಕಲ್ಲಿನ ಹಾಗಿರಬಹುದು ಅನಿಸುತ್ತದೆ, ಅಲ್ವಾ? ಆದರೆ ಹಿಂದೆ ಸ್ಪ್ರಿಂಗ್ ಕೂತಿರುವುದು ಆರ್ಮ್‌ನ ಒಳಭಾಗದಲ್ಲಿ. ಚಕ್ರ 10 ಮಿ.ಮೀ. ಎದ್ದರೆ ಅದು ಒತ್ತಿಕೊಳ್ಳುವುದು ಸುಮಾರು 7 ಮಿ.ಮೀ. ಈ 0.7ರ ವರ್ಗದಿಂದ ಗುಣಿಸಿದರೆ ಚಕ್ರಕ್ಕೆ ಸಿಗುವುದು 29ರ ಆಸುಪಾಸು. ತಂತಿಯ ದಪ್ಪದ್ದೂ ಹೀಗೇ. ಗಟ್ಟಿತನ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 12 ಮಿ.ಮೀ. ತಂತಿ 12.6 ಆದರೆ ಸಾಕು, ಶೇ 21ರಷ್ಟು ಗಟ್ಟಿ. ಕಣ್ಣಳತೆಯಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಆದ್ದರಿಂದ ಹಳೇ ಸ್ಪ್ರಿಂಗ್ ಮೇಲಿನ ಬಣ್ಣದ ಗುರುತನ್ನು ಬ್ರಷ್‌ನಿಂದ ಉಜ್ಜಿ, ನನ್ನ ಕಾರಿಗೆ ಮೂಲದಲ್ಲಿ ಬಂದದ್ದು ಯಾವುದು ಅಂತ ಮೊದಲು ಖಚಿತ ಮಾಡಿಕೊಂಡೆ. ಒಂದೇ ಮಾದರಿಗೆ ಎಂಜಿನ್, ಏಸಿ, ಸನ್‌ರೂಫ್ ನೋಡಿ ಬೇರೆ ಬೇರೆ ಸ್ಪ್ರಿಂಗ್ ಕೊಟ್ಟಿರುತ್ತಾರೆ.

ಕೊನೆಗೆ ಆರಿಸಿದ್ದು 15 ಮಿ.ಮೀ. ಮಾತ್ರ ಇಳಿಯುವ, ಸ್ವಲ್ಪವೇ ಗಟ್ಟಿಯಾದ ಸೆಟ್. ಶಾಕ್‌ಗಳಿಗೆ ಹೆಚ್ಚು ವಯಸ್ಸಾಗಿರಲಿಲ್ಲ, ಅವುಗಳ ರೀಬೌಂಡ್ (ಒತ್ತಿದ ಸ್ಪ್ರಿಂಗ್ ವಾಪಸ್ ಚಿಮ್ಮುವಾಗಿನ ತಡೆ) ಇಷ್ಟು ಗಟ್ಟಿತನವನ್ನು ಹಿಡಿದಿಡಬಲ್ಲದು. ಇದಕ್ಕಿಂತ ಬಿಗಿ ಬೇಕಿದ್ದರೆ ಶಾಕ್ ಕೂಡ ಬದಲಿಸಬೇಕಿತ್ತು.

ಹಾಕುವಾಗ ಮೆಕ್ಯಾನಿಕ್, ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್‌ನ ಎರಡೂ ಬೋಲ್ಟ್‌ಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ತಿರುಗಿಸಿದರು. "ಸರ್, ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಬನ್ನಿ" ಅಂದರು. ಆರ್ಮ್ ಬುಷ್‌ಗಳ ಬೋಲ್ಟ್‌ಗಳನ್ನು ಕಾರು ಚಕ್ರದ ಮೇಲೆ ನಿಂತ ಮೇಲೇ ಬಿಗಿ ಮಾಡಿದ್ದು ಕಂಡು ಖುಷಿಯಾಯ್ತು. ತೂಗಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಸಂದಿ ಇನ್ನೂ ಇದೆ ಅಂತ ಗೆಳೆಯನ ಗೊಣಗಾಟ. ಆದರೆ ಮೊದಲು ಧಡ್ ಅನ್ನುತ್ತಿದ್ದ ಉಬ್ಬುತಗ್ಗಿನ ತಿರುವಿನಲ್ಲಿ ಅವನೇ ಓಡಿಸಿದಾಗ ಸ್ಟೀರಿಂಗ್ ತಿದ್ದಬೇಕಾಗಿ ಬರಲಿಲ್ಲ. ಸ್ವಲ್ಪ ಓಡಿದ ಮೇಲೆ ಹೊಸ ಸ್ಪ್ರಿಂಗ್‌ಗಳು ಇನ್ನೊಂದು 4 ಮಿ.ಮೀ. ಕೂತವು. ವೀಲ್ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್ ಮಟ್ಟವನ್ನು ಅದಕ್ಕೇ ಆಮೇಲೆ ಮಾಡಿಸಿದೆ.