ಆಯಿಯ ಬೆಂಡೋಲೆ ಮತ್ತು ಜುಲೈ ತಿಂಗಳು

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ನಾನು ಓದಿದ ವಿಭಾಗದ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಈ ಸಲ ನನ್ನನ್ನು ಅಧ್ಯಕ್ಷೆಯನ್ನಾಗಿ ಆರಿಸಿದ್ದಾರೆ. ಶುಭ ಕೋರಿದ ಎಲ್ಲರಿಗೂ ವಂದನೆಗಳು. ಆಯಿ (ನನ್ನ ಅಮ್ಮ) ಮಾತ್ರ ಮೊದಲು ಕೇಳಿದ್ದು ಸಂಬಳ ಎಷ್ಟು ಎಂದು. ಇಲ್ಲವೆಂದಾಗ, "ಹಾಗಾದರೆ ಧಾರವಾಡದ ಬಸ್ ಚಾರ್ಜು?" ಎಂದಳು. ಅದೂ ಕೈಯಿಂದಲೇ.

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಅಪ್ಪ ಕಾರವಾರದ ಬೈತಖೋಲ್ ಬಂದರಿನಲ್ಲಿ ಬೇರೆಯವರ ಟ್ರಾಲರ್ ಬೋಟಿಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಬೋಟು ದಡ ಸೇರಿದರೆ ಮನೆಗೆ ಕಾಸು ಬರುವುದಿಲ್ಲ. ಈಗಂತೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಪ್ರವೇಶ ಶುಲ್ಕ, ಹಾಸ್ಟೆಲ್ ಠೇವಣಿ, ಪುಸ್ತಕದ ಖರ್ಚು ಎಲ್ಲವೂ ಬಂದು ನಿಲ್ಲುವುದು ಬಹುಮಟ್ಟಿಗೆ ಅದೇ ಹೊತ್ತಿಗೆ. ಆಯಿಯ ಬೆಂಡೋಲೆ ಮಳೆ ಹಿಡಿದಾಗ ಗಿರವಿಗೆ ಹೋಗಿ, ಬಂಗುಡೆ ಸಿಗತೊಡಗಿದ ಮೇಲೆ ಮರಳಿ ಕಿವಿಗೇರುತ್ತಿತ್ತು.

ವಿದ್ಯಾರ್ಥಿವೇತನ ಬರುತ್ತದೆ, ನಿಜ. ಆದರೆ ಶುಲ್ಕ ಕಟ್ಟುವ ಕೊನೆಯ ದಿನ ಅದಕ್ಕಾಗಿ ಕಾಯುವುದಿಲ್ಲ.

ಆದ್ದರಿಂದ ಈ ವರ್ಷ ಶಾಲು, ಹಾರ, ಸ್ಮರಣಿಕೆಗಳಿಗೆ ರಜೆ. (ನನಗೂ ಶಾಲು ಹೊದೆಸುವ ಆಸೆ ಕೆಲವರಿಗಿತ್ತು, ಬೇಸರಪಟ್ಟುಕೊಂಡರು.) ಆ ಹಣದಲ್ಲಿ ಮೀನುಗಾರರ ಮನೆಯ ವಿದ್ಯಾರ್ಥಿಗಳಿಗೆ ಜೂನ್, ಜುಲೈ ತಿಂಗಳಿಗೆ ಬಡ್ಡಿಯಿಲ್ಲದ ಕೈಗಡ ಕೊಡುತ್ತೇವೆ, ಮೀನುಗಾರಿಕೆ ಶುರುವಾದ ಮೇಲೆ ಕಂತಿನಲ್ಲಿ ತೀರಿಸಿದರೆ ಸಾಕು. ವಸೂಲಿ ಹೇಗೆ ಎಂದು ಖಜಾಂಚಿಯವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಕಡೆಯ ಹಳೆಯ ಸಹಪಾಠಿಗಳು ಒಮ್ಮೆ ಫೋನ್ ಮಾಡಿ, ನಿಮ್ಮ ಊರಿನಲ್ಲಿ ಯಾರಿಗೆ ಬೇಕಾಗಬಹುದು ಎಂದು ತಿಳಿಸಿ.