ದೀಕ್ಷಾಸ್ನಾನದ ನಂತರದ ಅಧ್ಯಾಯ

ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಕಪಾಟುಗಳನ್ನು ಖಾಲಿ ಮಾಡುತ್ತಿದ್ದಾಗ, ನಮ್ಮ ಕ್ರೈಸ್ತ ಸಭೆಯ ಹಳೆಯ ವಾರ್ಷಿಕ ವರದಿಗಳ ಕಟ್ಟಿನ ನಡುವೆ ನನ್ನದೇ ಕೈಬರಹದ ಹಾಳೆಗಳು ಸಿಕ್ಕವು. ಸುಮಾರು ಮೂರು ದಶಕಗಳ ಹಿಂದೆ ಬರೆಯಲು ತೊಡಗಿ, ಹನ್ನೊಂದನೆಯ ಅಧ್ಯಾಯದ ನಡುವೆ ಕೈಬಿಟ್ಟ ಕಾದಂಬರಿಯದು. ಮಂಗಳೂರಿನ ಬಾಲ್ಮಠದಲ್ಲಿದ್ದ, ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಅಚ್ಚುಕೂಟದಲ್ಲಿ ಅಚ್ಚಿನ ಮೊಳೆ ಜೋಡಿಸುವ ಬಿಲ್ಲವ ಮೂಲದ ಕ್ರೈಸ್ತ ಯುವಕನೊಬ್ಬ ಅದರ ನಾಯಕ. ಕೊನೆಯ ಹಾಳೆಯಲ್ಲಿ ಅವನ ಅಣ್ಣ ಅಚ್ಚುಕೂಟದ ಗೇಟಿನ ಬಳಿ ಬಂದು ನಿಂತಿದ್ದಾನೆ, ತಾಯಿ ತೀರಿಕೊಂಡ ಸುದ್ದಿಯನ್ನು ಹೇಳಿದ್ದಾನೆ, ಬೊಜ್ಜಕ್ಕೆ, ಅಂದರೆ ಅವಳ ಉತ್ತರಕ್ರಿಯೆಗೆ, ಬರುತ್ತೀಯಾ ಎಂದು ಕೇಳಿದ್ದಾನೆ. ತಮ್ಮನ ಉತ್ತರವನ್ನು ನಾನು ಬರೆದಿಲ್ಲ.

ಆ ಉತ್ತರ ಏಕೆ ಬರಲಿಲ್ಲ ಎಂಬುದನ್ನು ಒಂದು ವಾರದಿಂದ ಯೋಚಿಸುತ್ತಿದ್ದೇನೆ. ಸೋಮಾರಿತನ, ಮಕ್ಕಳು, ನೌಕರಿ ಎಂಬ ಕಾರಣಗಳು ಇದ್ದೇ ಇದ್ದವು. ಆದರೆ ಅದೇ ವರ್ಷಗಳಲ್ಲಿ ನಾನು ಸಭೆಯ ಪತ್ರಿಕೆಗೆ ಬರೆದ ಲೇಖನಗಳಿಗೂ ಯುವಜನರ ಕೂಟಕ್ಕೆ ಬರೆದ ನಾಟಕಗಳಿಗೂ ಆ ಕಾರಣಗಳು ಅಡ್ಡಬಂದಿರಲಿಲ್ಲ.

ಕ್ರೈಸ್ತ ಲೇಖಕನಿಗೆ ಹುಟ್ಟಿನಿಂದಲೇ ಒಂದು ಕಥಾರೂಪ ದತ್ತವಾಗಿರುತ್ತದೆ. ನಾವು ಅದನ್ನು ಸಾಕ್ಷಿ ಎನ್ನುತ್ತೇವೆ. ಅಂಧಕಾರದ ದಿನಗಳು, ಒಂದು ಸಂಕಟ, ದೇವರ ವಾಕ್ಯವನ್ನು ಕೇಳಿದ ಗಳಿಗೆ, ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ. ಸಾಕ್ಷಿ ಅಲ್ಲಿಗೆ ಮುಗಿಯುತ್ತದೆ, ಸಭೆ ಆಮೆನ್ ಎನ್ನುತ್ತದೆ. ಮಿಷನರಿಗಳು ಬಾಸೆಲಿಗೆ ಕಳುಹಿಸುತ್ತಿದ್ದ ವರದಿಗಳಲ್ಲಿಯೂ ಈ ರೂಪವೇ ಹೆಚ್ಚು, ಏಕೆಂದರೆ ಅವುಗಳನ್ನು ಓದುತ್ತಿದ್ದವರು ಮಿಷನ್ನಿಗೆ ಕಾಣಿಕೆ ಕೊಡುತ್ತಿದ್ದ ಸ್ವಿಟ್ಜರ್ಲೆಂಡಿನ ಮತ್ತು ಜರ್ಮನಿಯ ಭಕ್ತರು. ಹರ್ಮನ್ ಆನಂದರಾವ್ ಕೌಂಡಿನ್ಯರ ಕಥೆಯನ್ನೇ ನೋಡಿ. 1844ರಲ್ಲಿ ಮಂಗಳೂರಿನ ಸಾರಸ್ವತ ಯುವಕರೊಬ್ಬರು ದೀಕ್ಷಾಸ್ನಾನ ಪಡೆದರೆಂಬುದು, ಊರಿನಲ್ಲಿ ಗದ್ದಲವೆದ್ದಿತೆಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತು. ಅವರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಸಭಾಸೇವೆಗೆ ಅಭಿಷಿಕ್ತರಾಗಿ ಹಿಂತಿರುಗಿದರು. ಕೊಡಗಿನ ಆನಂದಪುರಕ್ಕೆ ಹೆಸರು ಬಂದದ್ದು ಅವರಿಂದ. ಅವರು ತೀರಿಕೊಂಡದ್ದು 1893ರಲ್ಲಿ. ಅಂದರೆ ದೀಕ್ಷಾಸ್ನಾನದ ನಂತರ ಅವರು 49 ವರ್ಷ ಬದುಕಿದ್ದರು, ಮತ್ತು ಹೇಳುವ ಕಥೆಗಳಲ್ಲಿ ಆ 49 ವರ್ಷಗಳಿಗೆ ಒಂದೆರಡು ಸಾಲುಗಳು ಮಾತ್ರ ಸಿಗುತ್ತವೆ.

ನನ್ನ ಹಸ್ತಪ್ರತಿಯಲ್ಲಿ ದೀಕ್ಷಾಸ್ನಾನ ನಾಲ್ಕನೆಯ ಅಧ್ಯಾಯದಲ್ಲಿಯೇ ನಡೆದುಹೋಗುತ್ತದೆ. ಓದುತ್ತಾ ಹೋದಂತೆ ನನಗೆ ಸಂತೋಷವಾದದ್ದು ಇದರಿಂದ. ಐದನೆಯ ಅಧ್ಯಾಯದಿಂದ ಮುಂದಕ್ಕೆ ಇರುವುದೆಲ್ಲ ಹೊಟ್ಟೆಪಾಡಿನ ಮಾತು. ಶೇಂದಿ ತೆಗೆಯುವ ಮೂರ್ತೆಯ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲವಾದ್ದರಿಂದ, ಸಭೆಗೆ ಸೇರಿದ ಬಿಲ್ಲವರು ಆ ಕಸುಬನ್ನು ಬಿಡಬೇಕಾಗುತ್ತಿತ್ತು. ಬಿಟ್ಟವರಿಗೆ ಬೇರೆ ಕೆಲಸವನ್ನು ಕೊಡುವ ಹೊಣೆ ಮಿಷನ್ನಿನ ಮೇಲೆ ಬೀಳುತ್ತಿತ್ತು. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾದ ಅಚ್ಚುಕೂಟ, ಆಮೇಲೆ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ತೆರೆದ ಹೆಂಚಿನ ಕಾರ್ಖಾನೆ, ಇವೆಲ್ಲ ಈ ಒತ್ತಡದ ನಡುವೆಯೇ ಬೆಳೆದವು. ಉಪದೇಶ ಮಾಡಿದವರೇ ಸಂಬಳ ಕೊಡುವ ಧಣಿಗಳೂ ಆದರು. ಈ ಸಂಬಂಧದ ಬಿಗಿತವನ್ನು ಕುರಿತು ನಮ್ಮ ಸಭೆಗಳಲ್ಲಿ ಇಂದಿಗೂ ಸಾಕಷ್ಟು ಮಾತನಾಡಿಲ್ಲವೆಂದೇ ನನ್ನ ಅಭಿಪ್ರಾಯ.

ಎಂಟನೆಯ ಅಧ್ಯಾಯ ಪೂರ್ತಿಯಾಗಿ ಅಚ್ಚುಕೂಟದ ಒಳಗೆ ನಡೆಯುತ್ತದೆ. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗುತ್ತಿದೆ. 1894ರಲ್ಲಿ ಹೊರಬಂದ ಆ ಗ್ರಂಥಕ್ಕೆ 1,700ಕ್ಕೂ ಹೆಚ್ಚು ಪುಟಗಳು. ಕನ್ನಡದ ಒತ್ತಕ್ಷರಗಳ ಮೊಳೆಗಳನ್ನೂ ಇಂಗ್ಲಿಷಿನ ಮೊಳೆಗಳನ್ನೂ ಒಂದೇ ಸಾಲಿನಲ್ಲಿ ಕೂಡಿಸಿ, ಎಡಬಲ ತಿರುಗಿಸಿ ಓದಿ, ಕರಡು ತಿದ್ದಿ ಬಂದಾಗ ಮತ್ತೆ ಬಿಚ್ಚಿ ಜೋಡಿಸಬೇಕಾದ ಕೆಲಸವನ್ನು ನಾನು ಅಂದು ಬಹಳ ವಿವರವಾಗಿ ಬರೆದಿದ್ದೇನೆ. ನಿಘಂಟಿನ ಮುಖಪುಟದಲ್ಲಿ ಕಿಟ್ಟೆಲರ ಹೆಸರಿದೆ, ಮೊಳೆ ಜೋಡಿಸಿದ ಬೆರಳುಗಳ ಹೆಸರಿಲ್ಲ ಎಂಬ ಆಕ್ರೋಶವನ್ನೂ ಅಲ್ಲಲ್ಲಿ ಸೇರಿಸಿದ್ದೇನೆ. ಅದನ್ನು ಈಗ ಹೊಡೆದುಹಾಕಬಹುದು, ಏಕೆಂದರೆ ಕೆಲಸದ ವಿವರವೇ ಅದನ್ನು ಹೇಳುತ್ತದೆ.

ಹನ್ನೊಂದನೆಯ ಅಧ್ಯಾಯಕ್ಕೆ ಬಂದಾಗ ಬರಹದ ನಡಿಗೆಯೇ ಬದಲಾಗುತ್ತದೆ. ಅಣ್ಣ ಮಾತನಾಡತೊಡಗಿದೊಡನೆ ಅವನ ಮಾತಿನಲ್ಲಿ ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದ ಹಿರಿಯ ಮಗನ ಧ್ವನಿ ಕೇಳಿಸುತ್ತದೆ. ತಪ್ಪಿಹೋದ ಕಿರಿಯ ಮಗ, ಮನೆಯಲ್ಲಿಯೇ ದುಡಿದ ಹಿರಿಯ ಮಗ, ಇಬ್ಬರನ್ನೂ ಕರೆಯುವ ತಂದೆ: ಯೇಸು ಹೇಳಿದ ಈ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ನಾನು ಆರಿಸಿಕೊಂಡದ್ದು ಸಹಜವೇ ಆಗಿತ್ತು, ಏಕೆಂದರೆ ಆ ಸಾಮ್ಯವೂ ಮುಗಿಯದ ಕಥೆ. ಹಿರಿಯ ಮಗ ಕೊನೆಗೆ ಒಳಗೆ ಹೋದನೇ ಇಲ್ಲವೇ ಎಂಬುದನ್ನು ಯೇಸು ಹೇಳುವುದಿಲ್ಲ. ಬೈಬಲಿನಲ್ಲಿ ಲೂಕನದೇ ಇನ್ನೊಂದು ಪುಸ್ತಕವಾದ ಅಪೊಸ್ತಲರ ಕೃತ್ಯಗಳೂ ಹಾಗೆಯೇ. ಪೌಲನು ರೋಮಿನಲ್ಲಿ ಬಾಡಿಗೆಯ ಮನೆಯಲ್ಲಿ ಎರಡು ವರ್ಷವಿದ್ದನೆಂದು ಹೇಳಿ, ಅವನ ವಿಚಾರಣೆ ಏನಾಯಿತೆಂದು ತಿಳಿಸದೆ ಪುಸ್ತಕ ನಿಂತುಬಿಡುತ್ತದೆ. ಹೀಗಿರುವಾಗ ನನ್ನ ಕಾದಂಬರಿಯೂ ಪ್ರಶ್ನೆಯಲ್ಲಿಯೇ ನಿಂತರೆ ನಷ್ಟವೇನು ಎಂದು ಒಂದು ಸಂಜೆ ನನಗೆ ಅನ್ನಿಸಿದ್ದುಂಟು. ಆದರೆ ಲೂಕನು ನಿಲ್ಲಿಸಿದ್ದು ಎಲ್ಲಿ ನಿಲ್ಲಿಸಬೇಕೆಂದು ತಿಳಿದು. ನನ್ನ ಹಾಳೆ ನಿಂತದ್ದು ದಾರಿ ಕಾಣದೆ.

ಆ ಸಾಮ್ಯದಲ್ಲಿ ತಂದೆಯು ಹಿರಿಯ ಮಗನಿಗೆ, ನನ್ನದೆಲ್ಲ ನಿನ್ನದೇ ಎನ್ನುತ್ತಾನೆ. ತುಳುನಾಡಿನ ಬಿಲ್ಲವರ ಮನೆಯಲ್ಲಿ ಯಾವ ತಂದೆಯೂ ಕುಟುಂಬದ ಆಸ್ತಿಯ ಬಗ್ಗೆ ಈ ಮಾತನ್ನು ಆಡಲಾರ. ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಇಳಿಯುವುದು ಹೆಣ್ಣಿನ ಕಡೆಯಿಂದ. ತಂದೆಯ ಕುಟುಂಬದ ಪಾಲು ಅವನ ಅಕ್ಕತಂಗಿಯರ ಮಕ್ಕಳದು. ಮತಾಂತರಗೊಂಡವನ ವಾರಸಿನ ಹಕ್ಕು ತಪ್ಪದಂತೆ 1850ರ ಕಾಯಿದೆ ನೋಡಿಕೊಂಡಿತ್ತಾದರೂ, ಕುಟುಂಬದ ಒಬ್ಬ ಸದಸ್ಯ ಕೇಳಿದ ಮಾತ್ರಕ್ಕೆ ಆಸ್ತಿಯನ್ನು ಪಾಲು ಮಾಡಿಕೊಡುವ ಪದ್ಧತಿ ಅಳಿಯಸಂತಾನದಲ್ಲಿ ಇರಲಿಲ್ಲ; ಪಾಲಿನ ಹಕ್ಕಿಗೆ ಕಾನೂನಿನ ಆಧಾರ ಸಿಕ್ಕಿದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದ. ಹಾಗಾದರೆ ಸುವಾರ್ತೆಯ ಕಿರಿಯ ಮಗನಂತೆ ತನ್ನ ಪಾಲನ್ನು ಕೇಳಿ ಪಡೆದು ಹೊರಡುವ ದಾರಿಯೇ ನನ್ನ ನಾಯಕನಿಗೆ ಇರಲಿಲ್ಲ. ಅಣ್ಣತಮ್ಮಂದಿರ ಜಗಳವಾಗಿ ಈ ಅಧ್ಯಾಯವನ್ನು ಎಷ್ಟು ತಿಕ್ಕಿದರೂ ಹೊಳಪು ಬರಲಾರದು.

ಹಸ್ತಪ್ರತಿಯಲ್ಲಿ ಒಬ್ಬಳು ಅಕ್ಕ ಇದ್ದಾಳೆ. ಎರಡನೆಯ ಅಧ್ಯಾಯದಲ್ಲಿ ಬಾವಿಯಿಂದ ನೀರು ಸೇದುತ್ತಾಳೆ, ಆರನೆಯದರಲ್ಲಿ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ, ಅವಳಿಗೆ ಒಂದು ಮಾತೂ ಇಲ್ಲ. ಆದರೆ ಕುಟುಂಬ ಮುಂದುವರಿಯಬೇಕಾದದ್ದು ಅವಳಿಂದ. ತಮ್ಮ ಸಭೆಗೆ ಸೇರಿದಾಗ ಅವಳ ಮಕ್ಕಳಿಗೆ ಒಬ್ಬ ಸೋದರಮಾವ ಇಲ್ಲದಂತಾಯಿತು. ಅವರ ಮದುವೆಯಲ್ಲಿ, ಗರೋಡಿ ಎಂಬ ದೈವಸ್ಥಾನದ ನೇಮೋತ್ಸವದಲ್ಲಿ, ಮನೆಯ ಯಜಮಾನಿಕೆಯ ಸರದಿಯಲ್ಲಿ ಅವನ ಜಾಗ ಖಾಲಿ ಉಳಿಯಿತು. ಬೊಜ್ಜಕ್ಕೆ ಕರೆಯಲು ಗೇಟಿಗೆ ಬರಬೇಕಾದವಳು ಅವಳು. ಅವಳ ಎದುರಿನಲ್ಲಿ ತಮ್ಮ ಹೇಳಬಹುದಾದ ಉತ್ತರಗಳು ಬೇರೆ, ಮತ್ತು ಅವುಗಳಲ್ಲಿ ಯಾವುದೂ ಸುಲಭವಲ್ಲ. ಅವನ ನಂಬಿಕೆಯನ್ನು ನಾನು ಸಡಿಲಗೊಳಿಸಲು ಸಿದ್ಧನಿಲ್ಲ, ಅದು ನನ್ನದೂ ನಂಬಿಕೆ. ಅಕ್ಕನ ನಷ್ಟವನ್ನು ಅಂಧಕಾರವೆಂದು ಕರೆಯಲೂ ಸಿದ್ಧನಿಲ್ಲ.

ಸದ್ಯಕ್ಕೆ ಅಣ್ಣನ ಪಾತ್ರವನ್ನು ತೆಗೆದುಹಾಕಿದ್ದೇನೆ. ಎಂಟನೆಯ ಅಧ್ಯಾಯವನ್ನು ಮುಟ್ಟುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡದಿಂದ ಮದ್ರಾಸ್ ಹೈಕೋರ್ಟಿಗೆ ಹೋದ ಅಳಿಯಸಂತಾನದ ವ್ಯಾಜ್ಯಗಳ ತೀರ್ಪುಗಳನ್ನು ವಕೀಲ ಮಿತ್ರರೊಬ್ಬರಿಂದ ತರಿಸಿಕೊಂಡು ಓದುತ್ತಿದ್ದೇನೆ. ಕುಟುಂಬದ ಮನೆಯನ್ನು ಬಿಟ್ಟವರ ಜೀವನಾಂಶದ ಪ್ರಶ್ನೆ ನಾನು ಎಣಿಸಿದ್ದಕ್ಕಿಂತ ಜಟಿಲವಾಗಿದೆ. ಅದು ಮುಗಿದ ಮೇಲೆ ಎರಡನೆಯ ಅಧ್ಯಾಯಕ್ಕೆ ಹಿಂತಿರುಗಿ, ಬಾವಿಯ ಬಳಿ ಇರುವ ಅಕ್ಕನಿಗೆ ಮೊದಲು ಮಾತು ಕೊಡಬೇಕು. ಹನ್ನೊಂದನೆಯದನ್ನು ಆಮೇಲೆ ನೋಡಬಹುದು.