ಆರು ವರ್ಷ ಮಲಗಿದ್ದ ಎಂಜಿನ್ನಿಗೆ ಬ್ಯಾಟರಿ ಕೊಡುವ ಮೊದಲು

ಕೇರಳದ ಕರಾವಳಿಯಲ್ಲಿ ಮಳೆಗಾಲದ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವ) ನಿಷೇಧ ಜೂನ್ 9ರ ಮಧ್ಯರಾತ್ರಿ ಆರಂಭವಾಗಿ ಜುಲೈ 31ರ ಮಧ್ಯರಾತ್ರಿ ಮುಗಿಯುತ್ತದೆ. ಗಡಿಯಲ್ಲಿರುವ ತಲಪಾಡಿಯ ಆಚೆ ಕರ್ನಾಟಕದ ಬೋಟುಗಳಿಗೆ 61 ದಿನಗಳ ರಜೆಯಾದರೆ ಈಚೆ ನಮಗೆ ಸಿಗುವುದು 52 ದಿನ. ಕಾಸರಗೋಡಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ನನ್ನಂಥವರ ವರ್ಷದ ದುಡಿಮೆಯಲ್ಲಿ ಹೆಚ್ಚಿನ ಪಾಲು ಈ ದಿನಗಳಲ್ಲೇ ಆಗಬೇಕು. ಹೋದ ವರ್ಷ ಜುಲೈ ಮೂರನೆಯ ವಾರದಲ್ಲಿ ಒಂದು ಬೋಟಿನ ಎಂಜಿನ್ ಬಿಚ್ಚಿದಾಗ ಕ್ರ್ಯಾಂಕ್ ಶಾಫ್ಟಿನ ಮೇಲೆ ಉಗುರಿಗೆ ತಾಗುವಷ್ಟು ಆಳದ ಗೀರುಗಳು ಕಂಡವು. ಅದನ್ನು ಗ್ರೈಂಡಿಂಗಿಗಾಗಿ ಮಂಗಳೂರಿಗೆ ಕಳುಹಿಸಿದರೆ ಸೀಸನ್ನಿನ ನೂಕುನುಗ್ಗಲಿನಲ್ಲಿ ಆಗಸ್ಟ್ ಒಂದಕ್ಕೆ ಮರಳಿ ಬರುವ ಭರವಸೆ ಇರಲಿಲ್ಲ. ಮಾಲೀಕರು ಮಾತ್ರ ಸ್ವಲ್ಪವೂ ಗಾಬರಿಯಾಗದೆ, ಶೆಡ್ಡಿನಲ್ಲಿ ಸ್ಪೇರ್ ಎಂಜಿನ್ ಇದೆಯಲ್ಲ, ಅದನ್ನೇ ಕೂರಿಸಿ ಎಂದರು.

ಅದು ಆರು ಸಿಲಿಂಡರಿನ ಎಂಜಿನ್. ಇಳಿಸಿದ ದಿನ ಚೆನ್ನಾಗಿಯೇ ಓಡುತ್ತಿತ್ತಂತೆ. ಆದರೆ ಇಳಿಸಿ ಆರು ವರ್ಷವಾಗಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ, ಸಮುದ್ರದ ಉಪ್ಪುಗಾಳಿ ನೇರವಾಗಿ ನುಗ್ಗುವ ಹಂಚಿನ ಶೆಡ್ಡಿನೊಳಗೆ, ಮೇಲೊಂದು ಟಾರ್ಪಾಲು ಹೊದ್ದುಕೊಂಡು ಅದು ಕುಳಿತಿತ್ತು. ಟಾರ್ಪಾಲು ತೆಗೆದಾಗ ಹೊರಗಿನ ಬಣ್ಣವೇನೋ ಹೊಸದರಂತೆ ಹೊಳೆಯುತ್ತಿತ್ತು; ಆದರೆ ಎಕ್ಸಾಸ್ಟಿನ ಬಾಯಿಗೆ ಮುಚ್ಚಳವಿರಲಿಲ್ಲ. ಬೋಟಿನ ಹುಡುಗರು ಆಗಲೇ ಎರಡು ಬ್ಯಾಟರಿ ಹೊತ್ತು ತಂದಿದ್ದರು. ಒಂದು ಸಲ ಹೊಡೆದು ನೋಡೋಣ, ಹತ್ತಿದರೆ ಹತ್ತಿತು ಎಂಬುದು ಅವರ ಲೆಕ್ಕ. ಬ್ಯಾಟರಿಯನ್ನು ಶೆಡ್ಡಿನ ಹೊರಗೇ ಇಡಿಸಿದೆ.

ಹಾಗೆ ಒಂದು ಸಲ ಹೊಡೆದು ನೋಡಿದ್ದರ ಫಲವನ್ನು ನಾನು ಕೆಲಸ ಕಲಿಯುವ ಕಾಲದಲ್ಲಿ ಒಂದು ಐಸ್ ಪ್ಲಾಂಟಿನಲ್ಲಿ ಕಂಡಿದ್ದೆ. ಬಹಳ ದಿನ ನಿಂತಿದ್ದ ಜನರೇಟರಿಗೆ ಸ್ಟಾರ್ಟರ್ ಒತ್ತಿದವನು ನಾನೇ. ಎಂಜಿನ್ ಹತ್ತಿತು, ಆದರೆ ನಿಲ್ಲಲಿಲ್ಲ. ಅದರ ಫ್ಯುಯಲ್ ಪಂಪಿನಲ್ಲಿ, ಎಂಜಿನ್ ನಿಂತಿರುವಾಗ ವೇಗವನ್ನು ಹದದಲ್ಲಿಡುವ ಗವರ್ನರಿನ ಸ್ಪ್ರಿಂಗು, ಡೀಸೆಲ್ಲಿನ ಪ್ರಮಾಣ ಹೆಚ್ಚುಕಡಿಮೆ ಮಾಡುವ ಸರಳಾದ ರ‍್ಯಾಕನ್ನು ಪೂರ್ತಿ ಡೀಸೆಲ್ ಕೊಡುವ ಕಡೆಗೆ ತಳ್ಳಿ ಇಟ್ಟಿರುತ್ತದೆ; ಹಳೆಯ ಡೀಸೆಲ್ ಒಣಗಿ ಅಂಟಾಗಿ ರ‍್ಯಾಕು ಅಲ್ಲೇ ಹಿಡಿದುಕೊಂಡರೆ, ವೇಗ ಏರಿದಾಗ ಗವರ್ನರ್ ಎಷ್ಟು ಎಳೆದರೂ ಅದು ಹಿಂದಕ್ಕೆ ಬರುವುದಿಲ್ಲ, ಸ್ಟಾಪ್ ಲಿವರಿಗೂ ಬಗ್ಗುವುದಿಲ್ಲ. ಕಟ್ಟಡವೇ ನಡುಗುತ್ತಿದ್ದಾಗ ಹಿರಿಯ ಮೆಕ್ಯಾನಿಕ್ ಒಬ್ಬರು ಗಾಳಿ ಎಳೆಯುವ ಬಾಯಿಗೆ ಹಲಗೆಯೊಂದನ್ನು ಒತ್ತಿ ಹಿಡಿದು ಅದರ ಉಸಿರು ಕಟ್ಟಿಸಿದರು. ಅಷ್ಟರಲ್ಲಿ ಬೇರಿಂಗುಗಳು ಹೋಗಿದ್ದವು.

ಹಾಗಾಗಿ ಇಲ್ಲಿ ಮೊದಲು ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಆರೂ ಇಂಜೆಕ್ಟರುಗಳನ್ನು ಕಳಚಿ, ಪ್ರತಿ ತೂತಿನೊಳಗೆ ಡೀಸೆಲ್ ಬೆರೆಸಿದ ಎಂಜಿನ್ ಆಯಿಲನ್ನು ಸ್ವಲ್ಪಸ್ವಲ್ಪ ಬಿಟ್ಟು, ಎರಡು ದಿನ ಯಾರೂ ಮುಟ್ಟಕೂಡದೆಂದು ಹೇಳಿದೆ. ಪಿಸ್ಟನ್ ರಿಂಗುಗಳು ಸಿಲಿಂಡರಿನ ಒಳಗೋಡೆಯಾದ ಲೈನರಿಗೆ ಹಿಡಿದುಕೊಂಡಿದ್ದರೆ ಅವು ಬಿಡಲು ಸಮಯ ಬೇಕು. ನಿಷೇಧ ಮುಗಿಯಲು ಹತ್ತು ದಿನವೂ ಇಲ್ಲದಿರುವಾಗ ಎರಡು ದಿನ ಸುಮ್ಮನೆ ಕಾಯುವುದೆಂದರೆ ಮಾಲೀಕರಿಗೆ ಹಿತವಾಗಲಿಲ್ಲ. ಆ ಬಿಡುವಿನಲ್ಲಿ ಇಂಜೆಕ್ಟರುಗಳನ್ನು ಟೆಸ್ಟ್ ಪಂಪಿಗೆ ಕೂರಿಸಿದಾಗ ಎರಡು ಮಂಜಿನಂತೆ ಚಿಮ್ಮದೆ ತೊಟ್ಟಿಕ್ಕಿದವು. ಅವುಗಳ ನಾಝಲ್ ಬದಲಿಸಿದೆ. ಹುಡುಗನೊಬ್ಬ ಆ ಮಂಜಿಗೆ ಬೆರಳು ಒಡ್ಡಲು ಬಂದಾಗ ಗದರಿಸಬೇಕಾಯಿತು, ಏಕೆಂದರೆ 200 ಬಾರಿನ ಆಸುಪಾಸಿನ ಒತ್ತಡದಲ್ಲಿ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ.

ಮೂರನೆಯ ದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಿದೆ. ಎಲ್ಲ ವಾಲ್ವುಗಳೂ ಒಂದೊಂದು ಸಲ ತೆರೆದು ಮುಚ್ಚಬೇಕಾದರೆ ಎರಡು ಪೂರ್ಣ ಸುತ್ತು ಬೇಕು. ತುಕ್ಕಿನ ಹಿಡಿತವಿದ್ದರೆ ಕೈಗೆ ಒಂದೇ ಸಮನೆ ಭಾರ ಗೊತ್ತಾಗುತ್ತದೆ, ತಿರುಗಿಸಿದಂತೆ ಕಡಿಮೆಯಾಗುತ್ತದೆ. ಇಲ್ಲಿ ಮೊದಲು ಹಾಗೆಯೇ ಇತ್ತು. ಆದರೆ ಅರ್ಧ ಸುತ್ತಾಗುವಾಗ ಟಕ್ಕೆಂದು ನಿಂತಿತು. ಗೋಡೆಗೆ ಬಡಿದಂಥ ನಿಲುವು ಅದು, ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದು. ಸ್ಟಾರ್ಟರ್ ಮೋಟರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಅದು ಬಾಗಿಸಬೇಕಾದದ್ದನ್ನು ಬಾಗಿಸಿಯೇ ಮುಂದೆ ಹೋಗುತ್ತದೆ. ಸ್ಪ್ಯಾನರನ್ನು ಅಂಗೈಯಗಲ ಹಿಂದಕ್ಕೆ ತಿರುಗಿಸಿ ವಾಲ್ವುಗಳನ್ನು ಒತ್ತುವ ತೋಳುಗಳ ಮೇಲಿನ ರಾಕರ್ ಕವರ್ ಬಿಚ್ಚಿ ನೋಡಿದರೆ ನಾಲ್ಕನೆಯ ಸಿಲಿಂಡರಿನ ಎಕ್ಸಾಸ್ಟ್ ರಾಕರ್ ಮಾತ್ರ ಸಡಿಲವಾಗಿ ಅಲ್ಲಾಡುತ್ತಿತ್ತು. ಆರು ವರ್ಷದ ಹಿಂದೆ ಎಂಜಿನ್ ನಿಂತಾಗ ಆ ವಾಲ್ವು ತೆರೆದಿತ್ತು, ಮುಚ್ಚಳವಿಲ್ಲದ ಎಕ್ಸಾಸ್ಟಿನಿಂದ ಆರು ಮಳೆಗಾಲದ ತೇವ ನೇರವಾಗಿ ಅದೇ ಸಿಲಿಂಡರಿಗೆ ಇಳಿದಿತ್ತು, ವಾಲ್ವು ತಾನು ಜಾರುವ ಕೊಳವೆಯಾದ ಗೈಡಿನಲ್ಲಿ ತುಕ್ಕು ಹಿಡಿದು ತೆರೆದಂತೆಯೇ ಉಳಿದಿತ್ತು. ಮೇಲೆ ಬಂದ ಪಿಸ್ಟನ್ ಅದಕ್ಕೆ ತಾಗಿತ್ತು.

ಆ ಭಾಗದ ಹೆಡ್ ಇಳಿಸಿದೆವು. ನಾಲ್ಕನೆಯ ಲೈನರಿನಲ್ಲಿ ರಿಂಗುಗಳು ಕುಳಿತಿದ್ದ ಜಾಗದಲ್ಲಿ ಕಂದು ಬಣ್ಣದ ಬಳೆಯಂಥ ಗುರುತಿತ್ತು. ಕುಳಿ ಬಿದ್ದಿರಲಿಲ್ಲವಾದ್ದರಿಂದ ಕಲ್ಲಿನಿಂದ ನಯವಾಗಿ ಉಜ್ಜಿ (ಹೋನ್ ಮಾಡಿ) ಉಳಿಸಿಕೊಂಡೆವು. ವಾಲ್ವು ಮತ್ತು ಗೈಡ್ ಹೊಸದಾದವು. ಫ್ಯುಯಲ್ ಪಂಪಿನ ಪಕ್ಕದ ಮುಚ್ಚಳ ತೆರೆದು ರ‍್ಯಾಕನ್ನು ಬೆರಳಿನಿಂದ ಆಚೀಚೆ ಸರಿಸಿ ನೋಡಿದೆ. ಅದು ಸಲೀಸಾಗಿ ಜಾರಿತು, ಆದರೂ ಎರಡು ಸಲ ನೋಡಿದೆ. ಆಯಿಲ್ ನಿಲ್ಲುವ ತಳದ ತೊಟ್ಟಿಯಾದ ಸಂಪಿನ ಪ್ಲಗ್ ಬಿಚ್ಚಿದಾಗ ಆಯಿಲಿಗಿಂತ ಮೊದಲು ಒಂದು ಲೋಟದಷ್ಟು ನೀರು ಬಂತು. ಸಮುದ್ರದ ನೀರೆಳೆಯುವ ಪಂಪಿನ ರಬ್ಬರ್ ಇಂಪೆಲರ್ ಮಡಚಿದ ಆಕಾರದಲ್ಲೇ ಗಟ್ಟಿಯಾಗಿತ್ತು. ಅದರ ರೆಕ್ಕೆ ಮುರಿದರೆ ಚೂರುಗಳು ಹೋಗಿ ಕೂಲರಿನ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹೆಡ್ ಮರಳಿ ಕೂರಿಸಿದ ಮೇಲೆ, ನೀರು ಸಂಪಿಗೆ ಇಳಿಯದಂತೆ ತಡೆಯುವ ಲೈನರಿನ ಓ-ರಿಂಗುಗಳನ್ನು ಪರೀಕ್ಷಿಸಲು ಆಯಿಲ್ ಹಾಕದೆಯೇ ವಾಟರ್ ಜಾಕೆಟಿಗೆ ನೀರು ತುಂಬಿಸಿ, ಪ್ಲಗ್ ತೆಗೆದ ಸಂಪಿನ ಕೆಳಗೆ ಹಳೆಯ ಪತ್ರಿಕೆ ಹಾಸಿ ಮನೆಗೆ ಹೋದೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು.

ನನ್ನ ಕಣ್ಣಿಗೆ ಬೀಳದೆ ಹೋದದ್ದು ಕ್ರ್ಯಾಂಕ್ ಕೇಸಿನ ಬ್ರೀದರ್ ಪೈಪು. ಹೊಸ ಫಿಲ್ಟರ್, ಹೊಸ ಡೀಸೆಲ್ ಹಾಕಿ, ಗಾಳಿ ತೆಗೆದು, ಸ್ಟಾಪ್ ಲಿವರ್ ಎಳೆದಿಟ್ಟು ಗೇಜಿನಲ್ಲಿ ಆಯಿಲ್ ಪ್ರೆಶರ್ ಕಾಣುವವರೆಗೆ ಬರಿದೇ ತಿರುಗಿಸಿ, ಗಾಳಿಯ ಬಾಯಿಯ ಪಕ್ಕ ಹಲಗೆ ಹಿಡಿದ ಒಬ್ಬನನ್ನು ನಿಲ್ಲಿಸಿ ಸ್ಟಾರ್ಟ್ ಮಾಡಿದೆವು. ಚೆನ್ನಾಗಿಯೇ ಹತ್ತಿತು. ಹತ್ತು ನಿಮಿಷದಲ್ಲಿ ಹಿಂಭಾಗದ ಸೀಲಿನಿಂದ ಆಯಿಲ್ ಒಸರತೊಡಗಿತು. ಸೀಲು ಒಣಗಿದೆಯೆಂದುಕೊಂಡು ಬದಲಿಸಲು ಹೊರಟವನಿಗೆ ಬ್ರೀದರಿನ ತುದಿ ಕಂಡಿತು: ಕುಂಬಾರ ಹುಳು ಅದರೊಳಗೆ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು. ಹೊರಬರಲು ದಾರಿಯಿಲ್ಲದ ಒತ್ತಡ ಆಯಿಲನ್ನು ಸೀಲಿನ ಮೂಲಕ ತಳ್ಳುತ್ತಿತ್ತು. ಗೂಡು ಕುಟ್ಟಿ ತೆಗೆದ ಮೇಲೆ ಒಸರುವುದು ನಿಂತಿತು.

ಬೋಟು ಆಗಸ್ಟ್ 2ರಂದು ಹೊರಟಿತು. 25 ಗಂಟೆ ಓಡಿದ ಮೇಲೆ ಆಯಿಲ್ ಮತ್ತು ಫಿಲ್ಟರನ್ನು ಮತ್ತೊಮ್ಮೆ ಬದಲಿಸಿದೆವು. ಗ್ರೈಂಡಿಂಗ್ ಮುಗಿಸಿ ಬಂದ ಹಳೆಯ ಎಂಜಿನ್ ಈಗ ಅದೇ ಶೆಡ್ಡಿನಲ್ಲಿ ಸ್ಪೇರ್ ಆಗಿ ಕುಳಿತಿದೆ. ಅದರ ಎಕ್ಸಾಸ್ಟಿಗೆ ಮರದ ಬಿರಡೆ ಬಡಿದು, ಬ್ರೀದರಿಗೆ ಜಾಲರಿ ಕಟ್ಟಿದ್ದೇನೆ. ತಿಂಗಳಿಗೊಮ್ಮೆ ಕೈಯಿಂದ ತಿರುಗಿಸಿ, ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲಿಸಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ತಾರೀಕು ಬರೆಯಬೇಕೆಂದು ಹುಡುಗರಿಗೆ ಹೇಳಿದ್ದೆ. ಮೊನ್ನೆ ಹೋದಾಗ ಗೋಡೆಯಲ್ಲಿ ಎರಡು ತಿಂಗಳ ತಾರೀಕು ಇರಲಿಲ್ಲ. ಸ್ಪ್ಯಾನರ್ ಹಾಕಿ ನಾನೇ ಎರಡು ಸುತ್ತು ತಿರುಗಿಸಿ ಬಂದೆ. ಮೊದಲ ಕಾಲು ಸುತ್ತು ಸ್ವಲ್ಪ ಬಿಗಿಯಾಗಿತ್ತು.